ಮೊದಲು ಊದುವವಳು

ಮನೆಯಲ್ಲಿ ಎಲ್ಲರಿಗೂ ಗಂಟಲು ನೋವು ಬಂದು, ಹೋಗಿ, ಮತ್ತೆ ಬಂದಿತ್ತು. ಗುಬ್ಬಿಗೆ ಮಾತ್ರ ಒಮ್ಮೆಯೂ ಬಂದಿರಲಿಲ್ಲ. ಅವಳ ಚಿಂತೆ ಅದೇ.

ಯಾರ ಹತ್ತಿರವಾದರೂ ಹೇಳಿಕೊಂಡರೆ ನಕ್ಕಾರು. ನೋವು ಬಂದವರು ನರಳುವುದುಂಟು, ಬಾರದವಳು ಕೊರಗುವುದನ್ನು ಯಾರು ಕಂಡಿದ್ದಾರೆ? ಅದಕ್ಕೇ ಅವಳು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ಬಾಯಿ ಅಗಲಿಸಿ, ಟಾರ್ಚ್ ಬಿಟ್ಟು ನೋಡಿಕೊಳ್ಳುತ್ತಿದ್ದಳು. ಕೆಂಪಿಲ್ಲ, ಊತವಿಲ್ಲ, ಬಿಳಿಯ ಚುಕ್ಕೆಯಿಲ್ಲ. ಆರೋಗ್ಯವಂತ ಗಂಟಲು ಎಂದು ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿಸಬಹುದಾದ ಗಂಟಲು. ಬೇರೆ ಹುಡುಗಿಯಾಗಿದ್ದರೆ ಖುಷಿಪಟ್ಟು ಹಲ್ಲುಜ್ಜಿಕೊಂಡು ಹೊರಗೆ ಬರುತ್ತಿದ್ದಳು. ಸೂಕ್ಷ್ಮಜೀವಿಗಳ ವಿಷಯದಲ್ಲೇ ಪದವಿ ಮುಗಿಸಿ, ಬಸ್‌ಸ್ಟ್ಯಾಂಡಿನ ಪಕ್ಕದ ಲ್ಯಾಬಿನಲ್ಲಿ ತರಬೇತಿಗೆ ಸೇರಿದ್ದ ಗುಬ್ಬಿಗೆ ಅದು ಅಷ್ಟು ಸಲೀಸಾಗಿ ಗಂಟಲಿನಿಂದ ಕೆಳಗಿಳಿಯುತ್ತಿರಲಿಲ್ಲ. ‘ಎಲ್ಲರನ್ನೂ ಹಿಡಿದದ್ದು ನನ್ನೊಬ್ಬಳನ್ನೇ ಯಾಕೆ ಬಿಟ್ಟಿತು?’ ಎಂದು ಕನ್ನಡಿಯನ್ನು ಕೇಳಿದಳು.

“ಗುಬ್ಬೀ, ಒಳಗೆ ಗೂಡು ಕಟ್ತಿದೀಯೇನೆ? ನಾನೂ ಮುಖ ತೊಳೀಬೇಕು,” ಎಂದು ಅಪ್ಪ ಬಾಗಿಲು ಬಡಿದರು. ಅವರ ದನಿ ಒಡೆದ ಡಬ್ಬಿಯಂತಿತ್ತು. ಅಂದರೆ ಮೂರನೆಯ ಸುತ್ತು ಅಪ್ಪನಿಂದ ಶುರು.

ಅವರದು ವಾದ್ಯ ರಿಪೇರಿಯ ಮನೆ. ಕೆಳಗೆ ಕಾರ್ಖಾನೆ, ಮೇಲೆ ವಾಸ. ಕಾರ್ಖಾನೆಯೆಂದರೆ ಒಂದೇ ಉದ್ದನೆಯ ಕೋಣೆ. ಗೋಡೆಯ ತುಂಬ ಕೊಕ್ಕೆ, ಕೊಕ್ಕೆಯ ತುಂಬ ಟ್ರಂಪೆಟ್ಟು, ಟ್ರೊಂಬೋನು. ಮೂಲೆಯಲ್ಲಿ ಆನೆಮರಿಯಂತೆ ಕುಳಿತ ಟ್ಯೂಬಾಗಳು. ಶಾಲೆಯ ಬ್ಯಾಂಡು, ಪೊಲೀಸ್ ಬ್ಯಾಂಡು, ಸರ್ಕಸ್ಸಿನವರು, ಯಾರದೇ ಹಿತ್ತಾಳೆ ವಾದ್ಯ ತಗ್ಗು ಬೀಳಲಿ, ಸೀಳಲಿ, ಬರುವುದು ಅಜ್ಜನ ಮೇಜಿಗೆ. ಅಜ್ಜ ತಗ್ಗು ತೆಗೆಯುವವರು, ಅಪ್ಪ ಬೆಸುಗೆ ಹಾಕುವವರು, ಅಣ್ಣ ಉಜ್ಜಿ ಹೊಳಪು ಕೊಡುವವನು. ಅಪ್ಪನ ಅಕ್ಕ, ಅಂದರೆ ಸೋದರತ್ತೆ, ಗಿರಾಕಿಗಳನ್ನೂ ಮನೆಯವರನ್ನೂ ಒಂದೇ ದನಿಯಲ್ಲಿ ಗದರಿಸುವವರು. ಅಮ್ಮ ಅಡುಗೆಮನೆಯಿಂದ ಎಲ್ಲರನ್ನೂ ಸಹಿಸಿಕೊಳ್ಳುವವರು. ಈಚೆಗೆ ಈ ಗುಂಪಿಗೆ ಅತ್ತಿಗೆ ಬಂದಿದ್ದಳು, ಅಣ್ಣನ ಹೆಂಡತಿ. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವುದು ಅವಳ ಕೆಲಸ.

ಆ ಮನೆಯಲ್ಲಿ ಅಜ್ಜ ಮಾಡಿದ ಒಂದು ಕಟ್ಟಳೆಯಿತ್ತು. ಎಲ್ಲರ ಉಸಿರೂ ಹಾಯದೆ ಯಾವ ವಾದ್ಯವೂ ಹೊಸ್ತಿಲು ದಾಟಬಾರದು. ಸಂಜೆ ಊಟಕ್ಕೆ ಮುಂಚೆ ಎಲ್ಲರೂ ಕಾರ್ಖಾನೆಯಲ್ಲಿ ಸುತ್ತ ಕೂರುತ್ತಿದ್ದರು. ಅಂದು ತಯಾರಾದ ವಾದ್ಯ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಗುತ್ತಿತ್ತು.

“ಜೋರು ಉಸಿರು ಸಣ್ಣ ತೂತನ್ನ ಮುಚ್ಚಿಹಾಕ್ಬಿಡತ್ತೆ,” ಎನ್ನುತ್ತಿದ್ದರು ಅಜ್ಜ. “ಮೆತ್ತಗಿನ ಉಸಿರು ಅದನ್ನ ಹಿಡಿದು ಕೊಡತ್ತೆ. ಅದಕ್ಕೇ ಮೊದಲು ಗುಬ್ಬಿ.”

ಹೀಗೆ ಚಿಕ್ಕಂದಿನಿಂದಲೂ ಮೊದಲ ಊದು ಗುಬ್ಬಿಯದೇ. ಮಾತಿನಲ್ಲಿ ಯಾವಾಗಲೂ ಹಿಂದೆ ನಿಲ್ಲುವವಳಿಗೆ ಇದೊಂದರಲ್ಲಿ ಮುಂದಿನ ಜಾಗ. ಅವಳು ಊದಿದರೆ ಟ್ರಂಪೆಟ್ಟು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ ಸಣ್ಣಗೆ ಗೊಣಗುತ್ತಿತ್ತು. ಅಜ್ಜ ಕಿವಿಯಿಟ್ಟು ಕೇಳಿ, “ಎರಡನೇ ಬೆಸುಗೆ ಹತ್ರ ಸೋರ್ತಿದೆ,” ಎಂದೋ, “ಪಾಸು,” ಎಂದೋ ಹೇಳುತ್ತಿದ್ದರು. ಆಮೇಲೆ ಅಮ್ಮ, ಅಪ್ಪ, ಅಣ್ಣ. ಅತ್ತೆ ಊದಿದರೆ ಬೀದಿಯ ನಾಯಿಗಳು ಉತ್ತರ ಕೊಡುತ್ತಿದ್ದವು. ಅತ್ತಿಗೆ ಬಂದ ಮೊದಲ ಸಂಜೆ ಟ್ಯೂಬಾ ಹಿಡಿದು ಊದಿದ್ದು ಊದಿದ್ದೇ. ಸ್ವರ ನಿಲ್ಲುವ ಸೂಚನೆಯೇ ಇಲ್ಲ. ಅಪ್ಪ ಬೀಡಿ ಹಚ್ಚಿ ಮುಗಿಸಿದರು. ಅಮ್ಮ ಮೇಲೆ ಹೋಗಿ ಹಾಲು ಇಳಿಸಿ ಬಂದರು.

“ಇವಳ ಎದೇಲಿ ಪುಪ್ಪುಸ ಇದೆಯೋ ಗೋದಾಮು ಇದೆಯೋ?” ಎಂದು ಅಜ್ಜ ಚಪ್ಪಾಳೆ ತಟ್ಟಿದ್ದರು.

“ನೀರಲ್ಲಿ ಮುಳುಗಿರೋರಿಗೆ ಇದೆಲ್ಲ ಯಾವ ಲೆಕ್ಕ ಅಜ್ಜ,” ಎಂದು ಅತ್ತಿಗೆ ನಕ್ಕಿದ್ದಳು.

ಅತ್ತೆಗೆ ಮಾತ್ರ ಮುಖ ಸಣ್ಣದಾಗಿತ್ತು. ಇಷ್ಟು ವರ್ಷ ಮನೆಯಲ್ಲಿ ಅತಿ ದೊಡ್ಡ ಸದ್ದು ಅವರದಾಗಿತ್ತಲ್ಲ.

ಗಂಟಲು ನೋವು ಕಾಲಿಟ್ಟಿದ್ದು ಅದಾದ ಮೇಲೆ. ಮೊದಲು ಅಮ್ಮ, ಆಮೇಲೆ ಅಣ್ಣ, ಆಮೇಲೆ ಅತ್ತಿಗೆ. ಒಬ್ಬರು ಹಾಸಿಗೆಯಿಂದ ಎದ್ದರೆ ಇನ್ನೊಬ್ಬರು ಅದೇ ಹಾಸಿಗೆಗೆ ಬೀಳುತ್ತಿದ್ದರು. ಜ್ವರ, ತಲೆನೋವು, ಉಗುಳು ನುಂಗಿದರೆ ಕಣ್ಣಲ್ಲಿ ನೀರು. ಮೂಲೆಯ ಕ್ಲಿನಿಕ್ಕಿನ ಡಾಕ್ಟರು ಬಂದವರಿಗೆ ಬಂದಂತೆ ಮಾತ್ರೆ ಬರೆದುಕೊಟ್ಟರು, ತಿಂದವರು ವಾಸಿಯಾದರು, ಸ್ವಲ್ಪ ದಿನಕ್ಕೆ ಮತ್ತೆ ಮಲಗಿದರು. ಮನೆಯಲ್ಲಿ ಗಂಜಿಯ ಪಾತ್ರೆ ಒಲೆಯಿಂದ ಇಳಿಯಲೇ ಇಲ್ಲ.

“ಉಪ್ಪು ನೀರು ಬಾಯಿ ಮುಕ್ಕಳಿಸಿದೆಯೇನೋ?” ಎಂದು ಅತ್ತೆ ತಮ್ಮನನ್ನು ಕೇಳಿದರು.

“ಮುಕ್ಕಳಿಸಿದೆ ಅಕ್ಕ. ಸಮುದ್ರದಲ್ಲಿ ಇಷ್ಟು ಉಪ್ಪಿರಲ್ಲ.”

“ತಣ್ಣೀರು ಕುಡಿದಿರ್ತೀಯ.”

“ನೀನು ಫ್ರಿಜ್ಜಿಗೆ ಬೀಗ ಹಾಕಿ ಸೊಂಟಕ್ಕೆ ಸಿಕ್ಕಿಸ್ಕೊಂಡಿದೀಯಲ್ಲ, ಎಲ್ಲಿಂದ ಕುಡೀಲಿ?”

ಕಾರಣ ಬೇಕಿತ್ತು. ಕಣ್ಣ ಮುಂದೆ ಒದ್ದೆ ಕೂದಲಿನ ಸೊಸೆ ಓಡಾಡುತ್ತಿದ್ದಳು. ಅತ್ತೆಯ ಕಣ್ಣು ಆ ಕೂದಲಿಗೆ ಅಂಟಿಕೊಂಡಿತು. ಮೊದಮೊದಲು ಗೋಡೆಗೆ ಹೇಳಿದಂತೆ ಹೇಳಿದರು: “ಊರವರ ಮಕ್ಕಳೆಲ್ಲ ಮುಳುಗೆದ್ದ ನೀರು, ಅದರಲ್ಲಿ ಏನೇನಿರತ್ತೋ.” ಆಮೇಲೆ ನೇರವಾಗಿ ಹೇಳಿದರು.

ಅಪ್ಪನಿಗೆ ಮೂರನೆಯ ಸಲ ಜ್ವರ ಬಂದ ಆ ಸಂಜೆ, ಪೊಲೀಸ್ ಬ್ಯಾಂಡಿನ ಟ್ರಂಪೆಟ್ಟು ಸುತ್ತು ಹೊರಟಿತ್ತು. ಗುಬ್ಬಿ ಊದಿ ಅಮ್ಮನಿಗೆ ಕೊಟ್ಟಳು, ಅಮ್ಮ ಅಣ್ಣನಿಗೆ. ಅಣ್ಣ ಮೇಜಿನ ಮೇಲಿನ ಒರೆಸುವ ಬಟ್ಟೆಯಿಂದ ಒರೆಸಿ ಹೆಂಡತಿಯ ಕಡೆ ಚಾಚಿದ. ಅತ್ತೆ ನಡುವೆ ಕೈಯೊಡ್ಡಿ ತೆಗೆದುಕೊಂಡರು.

“ನೀನು ಊದೋದು ಬೇಡಮ್ಮ.”

ಅತ್ತಿಗೆಗೆ ಅರ್ಥವಾಗಲಿಲ್ಲ. “ಯಾಕೆ ದೊಡ್ಡತ್ತೆ? ನಾನೀಗ ಚೆನ್ನಾಗಿದೀನಲ್ಲ.”

“ನೀನು ಚೆನ್ನಾಗೇ ಇರ್ತೀಯ. ನೀನು ಬಂದಮೇಲೆ ಈ ಮನೇಲಿ ಒಬ್ಬರೂ ನೆಟ್ಟಗೆ ಉಗುಳು ನುಂಗಿಲ್ಲ.”

ಅಜ್ಜ, “ಏನು ಮಾತೇ ಅದು,” ಎಂದರು. ಅವರಿಗೂ ಗಂಟಲು ಕಟ್ಟಿದ್ದರಿಂದ ಅದು ಯಾರ ಕಿವಿಗೂ ಬೀಳಲಿಲ್ಲ. ಅಣ್ಣ ಅತ್ತೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೊನೆಗೆ ತನ್ನ ಚಪ್ಪಲಿಯನ್ನು ನೋಡಿದ. ಅತ್ತಿಗೆ ಎದ್ದು, “ಅನ್ನಕ್ಕೆ ನೀರಿಡ್ತೀನಿ,” ಎಂದು ಮೆಟ್ಟಿಲು ಹತ್ತಿದಳು. ಗುಬ್ಬಿಯ ನಾಲಿಗೆಯ ತುದಿಯಲ್ಲಿ ಒಂದು ದೊಡ್ಡ ವಾಕ್ಯ ಬಂದು ನಿಂತಿತ್ತು. ಹಲ್ಲು ಅದಕ್ಕೆ ದಾರಿ ಬಿಡಲಿಲ್ಲ.

ಮರುದಿನದಿಂದ ಸಂಜೆಯ ಸುತ್ತಿನಲ್ಲಿ ಅತ್ತಿಗೆ ಕೂರಲಿಲ್ಲ. ಆ ಹೊತ್ತಿಗೆ ಸರಿಯಾಗಿ ಅವಳಿಗೆ ಬಟ್ಟೆ ಮಡಿಸುವ ಕೆಲಸ ಬರುತ್ತಿತ್ತು. ಕೆಳಗಿನಿಂದ ಒಬ್ಬೊಬ್ಬರ ಊದು ಕೇಳಿಬರುತ್ತಿದ್ದರೆ ಮೇಲೆ ಅವಳು ಒಂದೇ ಟವೆಲನ್ನು ಬಿಡಿಸಿ ಬಿಡಿಸಿ ಮಡಿಸುತ್ತಿದ್ದಳು.

ಗುಬ್ಬಿಗೆ ಇದು ಎದೆಗೆ ನಾಟಿತು. ಅತ್ತಿಗೆ ಬರುವ ತನಕ ಆ ಮನೆಯಲ್ಲಿ ಅವಳ ಮಾತು ಮುಗಿಯುವವರೆಗೆ ಕಾದವರು ಒಬ್ಬರೂ ಇರಲಿಲ್ಲ. ಅವಳು ‘ನಾನು’ ಎನ್ನುವಷ್ಟರಲ್ಲಿ ಅತ್ತೆ ‘ನಿನಗೆ ಹಸಿವಾಗಿದೆ’ ಎಂದು ಪೂರ್ತಿ ಮಾಡಿ ತಟ್ಟೆ ಹಾಕುತ್ತಿದ್ದರು. ಅತ್ತಿಗೆ ಮಾತ್ರ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತು, “ಹ್ಞೂ, ಆಮೇಲೆ?” ಎಂದು ಕಾಯುತ್ತಿದ್ದಳು. ಗುಬ್ಬಿ ಲ್ಯಾಬಿನ ಕಥೆ ಹೇಳುತ್ತಿದ್ದಳು. ಒಂದು ಹನಿ ಚರಂಡಿ ನೀರಿನಲ್ಲಿ ಎಷ್ಟು ಜೀವ, ಒಂದು ಎರಡಾಗಿ ಎರಡು ನಾಲ್ಕಾಗಿ ಬೆಳಗಾಗುವುದರೊಳಗೆ ಒಂದು ಊರೇ ಆಗುವುದು ಹೇಗೆ, ಎಂದು. ಅತ್ತಿಗೆ ಕಣ್ಣರಳಿಸಿ, “ಬಾಡಿಗೆ ಕೇಳೋರಿಲ್ಲ, ಜಾಗಕ್ಕೆ ಜಗಳ ಇಲ್ಲ, ಪುಣ್ಯವಂತರು,” ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಅದೇ ಮೆಟ್ಟಿಲ ಮೇಲೆ ಅತ್ತಿಗೆ ಹೇಳಿದಳು, “ಈಜುಕೊಳದ ಹತ್ರ ಒಂದು ಕೋಣೆ ನೋಡಿದೀವಿ. ನಿಮ್ಮಣ್ಣಂಗೆ ಇಷ್ಟ ಇಲ್ಲ, ಆದ್ರೂ ಬರ್ತಾರೆ. ತಿಂಗಳ ಕೊನೇಲಿ ಖಾಲಿ ಆಗತ್ತಂತೆ.”

“ಅತ್ತೆ ಮಾತಿಗಾ?”

“ಮಾತಿಗಲ್ಲ ಕಣೆ. ಬೈದ್ರೆ ನಾನೂ ಬೈತೀನಿ, ನನಗೇನು ಬಾಯಿಲ್ವಾ? ಸುತ್ತಿನಿಂದ ಎಬ್ಬಿಸಿಬಿಟ್ರು ನೋಡು.” ಅವಳು ಸೆರಗಿನ ನೂಲೊಂದನ್ನು ಎಳೆದಳು. “ಎಲ್ಲರ ಉಸಿರೂ ಹಾಯಬೇಕು ಅಂತಾರೆ ಅಜ್ಜ. ಎಲ್ಲರಲ್ಲಿ ನಾನಿಲ್ಲ ಅಂತಾಯ್ತಲ್ಲ.”

ಅಂದು ಗುಬ್ಬಿ ಗಟ್ಟಿ ಮನಸ್ಸು ಮಾಡಿದಳು. ತರಬೇತಿಯವರು ಅಭ್ಯಾಸಕ್ಕೆಂದು ಮನೆಯವರ ಗಂಟಲಿನ ಮಾದರಿ ತರಬಹುದು ಎಂದು ಲ್ಯಾಬಿನ ಮೇಡಂ ಹೇಳಿದ್ದರು. ಹತ್ತಿ ಸುತ್ತಿದ ಕಡ್ಡಿಗಳ ಕಟ್ಟನ್ನು ಚೀಲಕ್ಕೆ ಹಾಕಿಕೊಂಡು ಬಂದು, ಊಟದ ಮೇಜಿನ ಮೇಲೆ ಇಟ್ಟು, ಯಾರಾದರೂ ಕೇಳಲಿ ಎಂದು ಕಾದಳು.

“ಇದೇನೇ, ಕಿವಿ ಕಡ್ಡಿನಾ?” ಎಂದು ಅಪ್ಪ ಒಂದನ್ನು ಕಿವಿಗೆ ಒಯ್ದರು.

“ಅಯ್ಯೋ, ಗಂಟಲಿಗೆ ಅಪ್ಪ,” ಎಂದಳು ಗುಬ್ಬಿ. “ಒಂದೇ ಸಲ. ಹಿಂದೆ, ಎರಡೂ ಕಡೆ ಸವರಿ ತೆಗೀತೀನಿ. ಯಾರಲ್ಲಿ ಏನಿದೆ ಅಂತ ಗೊತ್ತಾಗತ್ತೆ.”

“ನನ್ನ ಗಂಟಲಿಗೆ ಕಡ್ಡಿ ಹಾಕೋಕೆ ನಾನೇನು ಗಟಾರನಾ?” ಎಂದರು ಅತ್ತೆ.

ಮೊದಲು ಬಾಯಿ ತೆರೆದವಳು ಅತ್ತಿಗೆ. ಅವಳ ಹಿಂದೆ ಅಣ್ಣ ಕುಳಿತು, ಕಡ್ಡಿ ತಾಗುವ ಮೊದಲೇ ಓಕರಿಸಿ ಎಲ್ಲರನ್ನೂ ನಗಿಸಿದ. ಅಮ್ಮ, ಅಪ್ಪ ಕಣ್ಣು ಮುಚ್ಚಿ ಬಾಯಿ ತೆರೆದರು. ಅಜ್ಜ, “ಟ್ರೊಂಬೋನಿನ ಒಳಗೂ ಹೀಗೇ ನಾವು ಬಟ್ಟೆ ಕಟ್ಟಿದ ಕಡ್ಡಿ ಹಾಕ್ತೀವಿ, ಅದು ಒಂದು ದಿನಾನೂ ಅತ್ತಿಲ್ಲ,” ಎಂದು ಮಗಳ ಕಡೆ ನೋಡಿದರು. ಕೊನೆಗೆ ಅತ್ತೆಯೂ ಬಾಯಿ ತೆರೆದರು. ತೆರೆದ ಬಾಯಲ್ಲೇ ಬೈಯುತ್ತಿದ್ದರು, ಯಾವ ಅಕ್ಷರವೂ ಹೊರಗೆ ಬರಲಿಲ್ಲ. ಅಪ್ಪನಿಗೆ ಅದನ್ನು ನೋಡಿ ಜ್ವರದಲ್ಲೂ ಹೊಟ್ಟೆ ಹಿಡಿದುಕೊಳ್ಳುವಷ್ಟು ನಗು ಬಂತು.

“ನಿಂದು?” ಎಂದಳು ಅತ್ತಿಗೆ.

“ನನಗೇನೂ ಆಗಿಲ್ವಲ್ಲ.”

“ಇರ್ಲಿ. ಆಗದೇ ಇರೋ ಗಂಟಲು ಹೇಗಿರತ್ತೆ ಅಂತ ಗೊತ್ತಾಗೋದು ಬೇಡ್ವಾ? ಬಾ, ನಾನೇ ತೆಗೀತೀನಿ.”

ಸಂಜೆಯ ಸುತ್ತು ಮುಗಿದ ಮೇಲೆ ಟ್ರಂಪೆಟ್ಟಿನ ತುದಿಯಲ್ಲಿ ತುಟಿಯಿಟ್ಟು ಊದುವ ಬಟ್ಟಲಿನಿಂದಲೂ ಗುಬ್ಬಿ ಒಂದು ಕಡ್ಡಿ ಸವರಿಕೊಂಡಳು.

ಲ್ಯಾಬಿನಲ್ಲಿ ಈ ಕಡ್ಡಿಗಳನ್ನು ರಕ್ತ ಬೆರೆಸಿದ ಅಗಾರಿನ, ಅಂದರೆ ಸೂಕ್ಷ್ಮಜೀವಿ ಬೆಳೆಸುವ ಕೆಂಪು ಲೋಳೆಯ, ತಟ್ಟೆಗಳ ಮೇಲೆ ಗೀರಿ, ಮೈಬಿಸಿಯಷ್ಟೇ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಟ್ಟಳು. ಮರುದಿನ ಒಂದೊಂದಾಗಿ ಬೆಳಕಿಗೆ ಹಿಡಿದಳು. ಅತ್ತಿಗೆಯ ತಟ್ಟೆಯಲ್ಲಿ ಯಾರ ಬಾಯಲ್ಲೂ ಇರುವ ಸಾಧು ಜೀವಿಗಳು. ಅಪ್ಪನ ತಟ್ಟೆಯಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಚುಕ್ಕೆಯ ಸುತ್ತ ಕೆಂಪು ಕರಗಿ ಗಾಜಿನಂತೆ ತಿಳಿಯಾದ ಉಂಗುರ. ಅಜ್ಜನದರಲ್ಲೂ ಹಾಗೇ. ಟ್ರಂಪೆಟ್ಟಿನದರಲ್ಲೂ ಅಲ್ಲಲ್ಲಿ ಅದೇ ಉಂಗುರ. ಕೊನೆಯ ತಟ್ಟೆ ಎತ್ತಿದಳು. ಅದರಲ್ಲಿ ಕೆಂಪೇ ಉಳಿದಿರಲಿಲ್ಲ. ಉಂಗುರಕ್ಕೆ ಉಂಗುರ ಕೂಡಿಕೊಂಡು ತಟ್ಟೆಯೆಲ್ಲ ಬಟಾಬಯಲಾಗಿತ್ತು. ತಟ್ಟೆಯ ಬೆನ್ನಿನ ಮೇಲೆ ಅವಳದೇ ಅಕ್ಷರದಲ್ಲಿ ‘ನಾನು’ ಎಂದಿತ್ತು.

“ಯಾರಮ್ಮ ಇದು ‘ನಾನು’?” ಎಂದು ಮೇಡಂ ಹೆಗಲ ಮೇಲಿಂದ ಬಗ್ಗಿ ನೋಡಿದರು. ಗುಬ್ಬಿ ತನ್ನ ಗಂಟಲಿನ ಕಡೆ ಬೆರಳು ತೋರಿಸಿದಳು. ಮೇಡಂ ಇನ್ನೆರಡು ಪರೀಕ್ಷೆ ಮಾಡಿ ಖಚಿತಪಡಿಸಿದರು. “ನೀನು ವಾಹಕಿ. ಕೆಲವರ ಗಂಟಲಲ್ಲಿ ಇದು ಸದ್ದು ಮಾಡದೆ ಸಂಸಾರ ಹೂಡಿಬಿಡತ್ತೆ. ಅವರಿಗೆ ನೋವಿಲ್ಲ, ಜ್ವರ ಇಲ್ಲ. ಬಸ್ಸಲ್ಲಿ ಹತ್ತಿತೋ, ಸರತಿ ಸಾಲಲ್ಲಿ ಹತ್ತಿತೋ ಯಾರಿಗೆ ಗೊತ್ತು. ಸಾಮಾನ್ಯವಾಗಿ ಇಂಥವರಿಂದ ಅಷ್ಟಾಗಿ ಹರಡಲ್ಲ, ಎಂಜಲು ಹಂಚಿಕೊಳ್ಳದೆ ಇದ್ರೆ. ನೀವೇನು, ಒಂದೇ ಚಮಚದಲ್ಲಿ ತಿಂತೀರಾ ಮನೇಲಿ?”

“ಚಮಚ ಅಲ್ಲ ಮೇಡಂ,” ಎಂದಳು ಗುಬ್ಬಿ. “ಟ್ಯೂಬಾ.”

ದಾರಿಯುದ್ದಕ್ಕೂ ಅವಳಿಗೆ ಅಳುವೂ ನಗುವೂ ಒಟ್ಟೊಟ್ಟಿಗೆ ಬರುತ್ತಿತ್ತು. ಅತ್ತಿಗೆ ಮನೆಗೆ ಬಂದ ತಿಂಗಳಲ್ಲೇ ತಾನೂ ಬಸ್ಸು ಹತ್ತಲು, ಲ್ಯಾಬಿಗೆ ಹೋಗಲು ಶುರು ಮಾಡಿದ್ದು. ಅದನ್ನು ಯಾರೂ ಗಮನಿಸಿರಲಿಲ್ಲ. ಮನೆಗೆ ಹೊಸಬರು ಬಂದದ್ದು ಕಾಣುತ್ತದೆ. ಹಳಬಳು ಹೊರಗೆ ಹೋಗಿ ಬಂದದ್ದು ಕಾಣುವುದಿಲ್ಲ.

ಅಜ್ಜ ಒಬ್ಬರೇ ಮೇಜಿನ ಮುಂದೆ ಕುಳಿತು ಟ್ರೊಂಬೋನಿನ ಕೊಳವೆಯನ್ನು ಒರೆಸುತ್ತಿದ್ದರು. ಗುಬ್ಬಿ ಪಕ್ಕದಲ್ಲಿ ನಿಂತು ಅವರ ಕಿವಿಯಲ್ಲಿ ಎಲ್ಲ ಹೇಳಿದಳು. ಅಜ್ಜ ಒರೆಸುವ ಬಟ್ಟೆಯನ್ನು ಕೆಳಗಿಟ್ಟರು.

“ಅಂದ್ರೆ ಸೋರ್ತಿದ್ದದ್ದು ನೀನೇ ಅನ್ನು.”

ಗುಬ್ಬಿ ತಲೆಯಾಡಿಸಿದಳು.

“ಅದಕ್ಕ್ಯಾಕೆ ಕಣ್ಣಲ್ಲಿ ನೀರು? ತೂತು ಎಲ್ಲಿದೆ ಅಂತ ಸಿಕ್ಕಿಬಿಟ್ರೆ ರಿಪೇರಿ ಅರ್ಧ ಮುಗಿದ ಹಾಗೆ. ಮೊದಲು ಊದು ಅಂತ ಕೂರಿಸಿದೋನು ನಾನು. ನೀನು ಬರೀ ಗಾಳಿ ಬಿಟ್ಟೆ ಅಂತ ನಾನಂದ್ಕೊಂಡಿದ್ದೆ.” ಅಜ್ಜ ನಕ್ಕರು. “ನಡಿ ಮೇಲೆ.”

ಊಟಕ್ಕೆ ಎಲ್ಲರೂ ಕುಳಿತಿದ್ದರು. ಗಂಜಿ, ಹುರಿದ ಆಲೂಗಡ್ಡೆ. “ಗುಬ್ಬಿ ಏನೋ ಹೇಳ್ತಾಳೆ, ಕೇಳಿ,” ಎಂದರು ಅಜ್ಜ. ಎಲ್ಲರ ಮುಖ ಅವಳ ಕಡೆ ತಿರುಗಿತು. ಅಷ್ಟು ಮುಖ ಒಟ್ಟಿಗೆ ಕಂಡಿದ್ದೇ ಅವಳ ದನಿ ಕಾಲ್ಕಿತ್ತಿತು. ಅಜ್ಜನ ಕಡೆ ಬಾಗಿ ಪಿಸುಗುಟ್ಟಿದಳು. ಅಜ್ಜ ಗಟ್ಟಿಯಾಗಿ ಸಾರಿದರು.

“ಕಾಯಿಲೆ ಅನ್ನೋದು ಗಾಳಿ ಗ್ರಹಚಾರ ಅಲ್ವಂತೆ. ಒಂದು ಜೀವಿಯಂತೆ. ಅದಕ್ಕೆ ಇರೋಕೆ ಒಂದು ಮನೆ ಬೇಕು, ಹೊರಗೆ ಬರೋಕೆ ಬಾಗಿಲು ಬೇಕು, ಹೋಗೋಕೆ ದಾರಿ ಬೇಕು.” ಪಿಸು. “ಇನ್ನೊಬ್ಬರ ಒಳಗೆ ಹೋಗೋಕೂ ಒಂದು ಬಾಗಿಲು ಬೇಕು. ಇದರಲ್ಲಿ ಯಾವುದಾದ್ರೂ ಒಂದನ್ನ ಮುಚ್ಚಿದ್ರೆ ಸಾಕು, ಸರಪಳಿ ಕಡಿದು ಹೋಗತ್ತೆ.” ಪಿಸು. “ನಮ್ಮನೇಲಿ ದಾರಿ ಅಂದ್ರೆ ಊದೋ ಬಟ್ಟಲಂತೆ. ನಾವು ಒರೆಸೋ ಬಟ್ಟೇನೂ ಅಷ್ಟೇ, ಎಲ್ಲದಕ್ಕೂ ಒಂದೇ ಬಟ್ಟೆ. ಒರೆಸ್ತಿರ್ಲಿಲ್ಲ, ಬಡಿಸ್ತಿದ್ವಿ.” ಪಿಸು. “ಮನೆ ಯಾವುದು ಅಂದ್ರೆ, ಗುಬ್ಬಿಯ ಗಂಟಲು.”

ಅಪ್ಪನ ಕೈಯ ಆಲೂಗಡ್ಡೆ ತಟ್ಟೆಗೆ ಬಿತ್ತು. “ನಮ್ಮ ಗುಬ್ಬಿನಾ?”

“ಅವಳ ಅತ್ತಿಗೇದು ಶುದ್ಧವಾಗಿದೆಯಂತೆ,” ಎಂದು ಅಜ್ಜ ಪಿಸುಮಾತಿಗೆ ಕಾಯದೆ ಮುಗಿಸಿದರು.

“ನೋಡ್ದಾ,” ಎಂದ ಅಣ್ಣ, ಯಾರಿಗೆಂದು ಹೇಳದೆ.

ಅಮ್ಮ ಎದ್ದು ಬಂದು ಗುಬ್ಬಿಯ ಹಣೆ ಮುಟ್ಟಿ ನೋಡಿದರು, ರೂಢಿಯ ಬಲದಿಂದ. “ನಿನಗೇನೂ ನೋವಿಲ್ಲ ತಾನೆ?”

“ಅದೇ ತೊಂದರೆ ಅಮ್ಮ,” ಎಂದಳು ಗುಬ್ಬಿ. ಅಪ್ಪ ಮೊದಲು ನಕ್ಕರು, ಆಮೇಲೆ ಅತ್ತಿಗೆ ನಕ್ಕಳು, ಆಮೇಲೆ ಎಲ್ಲರೂ. “ಇಷ್ಟು ದಿನ ಮನೇಲಿ ಯಾರಿಗೂ ಏನನ್ನೂ ಕೊಡದವಳು, ಕೊಟ್ಟಿದ್ದೇ ಕೊಟ್ಟಿದ್ದು ಧಾರಾಳವಾಗಿ ಕೊಟ್ಳು,” ಎಂದರು ಅಪ್ಪ. ಅತ್ತೆ ಮಾತ್ರ ನಗಲಿಲ್ಲ. ತಟ್ಟೆಯಲ್ಲಿದ್ದ ಗಂಜಿಯನ್ನು ಬೆರಳಿನಿಂದ ಒಂದು ಕಡೆ ಕೂಡಿಸಿ, ಮತ್ತೆ ಹರಡಿ, ಎದ್ದು ಹೋಗಿ ಕೈ ತೊಳೆದರು.

ಡಾಕ್ಟರು ಈ ಸಲ ಮನೆಮಂದಿಗೆಲ್ಲ ಒಟ್ಟಿಗೆ ಔಷಧಿ ಬರೆದರು. ಎಲ್ಲರೂ ಒಂದೇ ದಿನ ಶುರು ಮಾಡಬೇಕು, ಪೂರ್ತಿ ಮುಗಿಸಬೇಕು. ಗುಬ್ಬಿಗೆ ಸ್ವಲ್ಪ ಬೇರೆ ಮಾತ್ರೆ. ಆಮೇಲಿನ ವಾರಗಳು ಆ ಮನೆ ಕಂಡ ಅತಿ ಗಲಾಟೆಯ, ಅತಿ ನಗುವಿನ ವಾರಗಳು. ಅಪ್ಪ ಸ್ವಲ್ಪ ಗುಣವಾದ ಕೂಡಲೇ ಮಾತ್ರೆ ಬಿಡಲು ನೋಡಿದರು.

“ವಾಸಿಯಾದ ಮೇಲೂ ನುಂಗೋಕೆ ಅದೇನು ಪೆಪ್ಪರಮಿಂಟಾ?”

“ಗಂಟಲು ವಾಸಿಯಾಗಿದೆ, ಒಳಗಿರೋರು ಇನ್ನೂ ಖಾಲಿ ಮಾಡಿಲ್ಲ,” ಎಂದರು ಅಮ್ಮ. ಮಗಳಿಂದ ಕಲಿತ ಮಾತು. “ಅರ್ಧಕ್ಕೆ ಬಿಟ್ರೆ ಉಳಿದೋರು ಮತ್ತೆ ಸಂಸಾರ ಹೂಡ್ತಾರೆ. ಬಾಯಿ ತೆಗೀರಿ.” ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅಮ್ಮ ಅಪ್ಪನಿಗೆ ಹಾಕಿದ ಮೊದಲ ಆಜ್ಞೆ ಅದು. ಅಪ್ಪ ಬಾಯಿ ತೆಗೆದರು.

ಅಜ್ಜ ಕಟ್ಟಳೆಯನ್ನು ಬಿಡಲಿಲ್ಲ, ಬೆಸುಗೆ ಹಾಕಿದರು. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಊದುವ ಬಟ್ಟಲು. ಬುಡದಲ್ಲಿ ಒಬ್ಬೊಬ್ಬರ ಗುರುತು ಕೆತ್ತಿದರು. ಗುಬ್ಬಿಯದಕ್ಕೆ ಹಕ್ಕಿ, ಅಮ್ಮನದಕ್ಕೆ ಸೌಟು, ಅತ್ತೆಯದಕ್ಕೆ ಗಂಟೆ. ವಾದ್ಯ ಸುತ್ತು ಬರುತ್ತಿತ್ತು, ಬಟ್ಟಲು ಬರುತ್ತಿರಲಿಲ್ಲ. ಪ್ರತಿ ಊದಿನ ನಂತರ ವಾದ್ಯದ ಕೊಳವೆಗೂ ಸ್ನಾನ. ಬಟ್ಟಲುಗಳನ್ನು ಬಿಸಿ ಸೋಪಿನ ನೀರಿನಲ್ಲಿ ಅದ್ದಿ ಬ್ರಷ್ಷಿನಿಂದ ತಿಕ್ಕುವ ಕೆಲಸವನ್ನು ಅತ್ತೆ ಯಾರೂ ಹೇಳದೆಯೇ ಕೈಗೆತ್ತಿಕೊಂಡರು. ತಿಕ್ಕಿ ತಿಕ್ಕಿ, ಸಾಲಾಗಿ ಶುಭ್ರವಾದ ಬಟ್ಟೆಯ ಮೇಲೆ ಬೋರಲು ಹಾಕುತ್ತಿದ್ದರು. ಬೀದಿಯಲ್ಲಿ ಕೆಮ್ಮಿದವರನ್ನೂ ತಡೆದು ನಿಲ್ಲಿಸಿ, “ತೋಳಿಗೆ ಅಡ್ಡ ಹಿಡಿದು ಕೆಮ್ಮಪ್ಪ, ನಿನ್ನ ಮನೆ ಬಾಗಿಲು ನಮ್ಮ ಮೇಲೆ ಯಾಕೆ ತೆಗೀತೀಯ?” ಎಂದು ಪಾಠ ಹೇಳುತ್ತಿದ್ದರು.

ಸಾಲಿನಲ್ಲಿ ಮೀನಿನ ಗುರುತಿನದೂ ಒಂದು ಬಟ್ಟಲಿತ್ತು. ಅತ್ತೆ ಅದನ್ನು ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಕ್ಕುತ್ತಿದ್ದರು. ಮೊದಲ ದಿನ ಅದನ್ನು ಒಯ್ದು ಅತ್ತಿಗೆಯ ಮುಂದಿಟ್ಟು, “ಕೆಳಗೆ ಬಾ, ಹೊಸ ಟ್ಯೂಬಾ ಬಂದಿದೆ,” ಎಂದರು.

“ಇರ್ಲಿ ದೊಡ್ಡತ್ತೆ. ಅಭ್ಯಾಸ ತಪ್ಪಿಹೋಗಿದೆ,” ಎಂದಳು ಅತ್ತಿಗೆ. ದನಿಯಲ್ಲಿ ಕೋಪವಿರಲಿಲ್ಲ. ಟವೆಲು ಮಡಿಸುತ್ತಲೇ ಇದ್ದಳು.

ಗಂಟಲುಗಳು ಒಂದೊಂದಾಗಿ ತಿಳಿಯಾದವು. ಲ್ಯಾಬಿನಲ್ಲಿ ‘ನಾನು’ ಎಂದು ಬರೆದ ಹೊಸ ತಟ್ಟೆ ಪೂರ್ತಿ ಕೆಂಪಾಗಿಯೇ ಉಳಿಯಿತು. ಮೇಡಂ ಅದನ್ನು ಎತ್ತಿ ಎಲ್ಲರಿಗೂ ತೋರಿಸಿದರು. ರೋಗ ಹೋಯಿತು. ಆದರೆ ಈಜುಕೊಳದ ಹತ್ತಿರದ ಕೋಣೆಗೆ ಮುಂಗಡ ಕೊಟ್ಟಾಗಿತ್ತು.

“ಈಗ ಎಲ್ಲ ಸರಿಹೋಯ್ತಲ್ಲ ಅತ್ತಿಗೆ,” ಎಂದಳು ಗುಬ್ಬಿ ಮೆಟ್ಟಿಲ ಮೇಲೆ.

“ಗಂಟಲು ಸರಿಹೋಯ್ತು,” ಎಂದಳು ಅತ್ತಿಗೆ. “ದೊಡ್ಡತ್ತೆ ನಂಗೋಸ್ಕರ ಏನೇನೋ ಮಾಡ್ತಾರೆ, ಕಾಣತ್ತೆ ಕಣೆ. ನಿನ್ನೆ ಮೊಟ್ಟೆ ಎರಡು ಹಾಕಿದ್ರು. ಆದ್ರೆ ಎಲ್ಲರ ಮುಂದೆ ಎಬ್ಬಿಸಿದ್ದು. ಎಲ್ಲರ ಮುಂದೆ ಒಂದು ಮಾತು ಆಡಿದ್ರೆ ಆಗ್ತಿತ್ತು. ಅವರ ಬಾಯಿಗೆ ಅದು ಬರಲ್ಲ, ನನಗೆ ಕೇಳೋಕೆ ಮನಸ್ಸು ಬರಲ್ಲ.”

ಗುಬ್ಬಿ ಇದನ್ನು ಅಜ್ಜನ ಕಿವಿಗೆ ಒಯ್ದಳು. ಅಜ್ಜ ಈ ಸಲ ಅಡ್ಡಡ್ಡ ತಲೆಯಾಡಿಸಿಬಿಟ್ಟರು. “ಇದನ್ನ ನಾನು ಸಾರೋಕಾಗಲ್ಲ ಮರಿ. ಮಗಳಿಗೆ ಅಪ್ಪ ಹೇಳಿದ್ರೆ ಅದು ಬೈಗುಳ ಆಗತ್ತೆ.”

ಹೊರಡುವ ದಿನ ಬೆಳಿಗ್ಗೆಯೇ ಸಾಮಾನು ಸಾಗಿಸುವ ಪುಟ್ಟ ಗಾಡಿ ಬಾಗಿಲಿಗೆ ಬಂತು. ಮಂಚ, ಪೆಟ್ಟಿಗೆ, ಸ್ಟವ್ವು, ಎರಡು ಕುರ್ಚಿ. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಯಲ್ಲಿ ನಿಂತಿದ್ದರು.

“ಕನ್ನಡಿನ ಹಾಸಿಗೆ ಮಧ್ಯ ಇಡೋ. ಏಯ್, ಆ ಬಕೆಟ್ ನೋಡು, ಹಗ್ಗ ಸಡಿಲ ಇದೆ.”

“ಬಿಗಿಯಾಗೇ ಇದೆ ಅತ್ತೆ,” ಎಂದ ಅಣ್ಣ.

“ನನಗೆ ಹೇಳ್ಕೊಡಬೇಡ. ಮೊದಲ ಹಳ್ಳದಲ್ಲೇ ಬೀಳತ್ತೆ. ಬಿಚ್ಚಿ ಕಟ್ಟು.” ಅಣ್ಣ ಬಿಚ್ಚಿ ಕಟ್ಟಿದ. ಅತ್ತೆ ಅಲುಗಿಸಿ ನೋಡಿದರು. “ಆ ಕಡೇನೂ.” ಅವರೇ ಒಳಗೆ ಓಡಿ ಹೋಗಿ ಡಬ್ಬಿಯೊಂದನ್ನು ತಂದು ಸೀಟಿನ ಕೆಳಗೆ ತುರುಕಿದರು. “ಅಕ್ಕಿ. ಅಲ್ಲಿನ ಅಂಗಡೀಲಿ ಕಲ್ಲು ಇರತ್ತೆ.” ಮತ್ತೆ ಓಡಿ ಹೋಗಿ ಕಂಬಳಿ ತಂದರು. “ಕೂದಲು ಒಣಗಿಸಿಕೊಂಡು ಮಲಗು.” ಅತ್ತಿಗೆ ಹ್ಞೂಗುಟ್ಟಿದಳು. ಅತ್ತೆಯ ಕೈಗೆ ಇನ್ನೇನೂ ಸಿಗಲಿಲ್ಲ. ಮತ್ತೆ ಬಕೆಟ್ಟಿನ ಹಗ್ಗಕ್ಕೆ ಕೈಹಾಕಿದರು. ಬಿಗಿಯಾಗಿದ್ದ ಗಂಟನ್ನೇ ಮತ್ತೆ ಬಿಚ್ಚತೊಡಗಿದರು.

ಅಪ್ಪ ಆಕಾಶ ನೋಡುತ್ತಿದ್ದರು. ಅಮ್ಮ ಹೊಸ್ತಿಲಲ್ಲಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದರು. ಗಾಡಿಯವನು ಎಂಜಿನ್ ಶುರು ಮಾಡಿ, ಹೊರಡಲೇ ಎನ್ನುವಂತೆ ಹಿಂದಿರುಗಿ ನೋಡಿದ. ಅಣ್ಣ ಮುಂದಿನ ಸೀಟು ಹತ್ತಿದ. ಅತ್ತಿಗೆ ಒಂದು ಕಾಲು ಮೇಲಿಟ್ಟಳು.

ಗುಬ್ಬಿ ಅಜ್ಜನ ಹಿಂದೆ ನಿಂತಿದ್ದಳು. ಅಲ್ಲಿಂದ ಪಕ್ಕಕ್ಕೆ ಬಂದಳು, ಇನ್ನೂ ಒಂದು ಹೆಜ್ಜೆ ಮುಂದೆ ಬಂದಳು, ಬೀದಿಗಿಳಿದಳು. ಎಂಜಿನ್ನಿನ ಸದ್ದಿಗಿಂತ ಮೇಲೆ ಹೋಗಲು ಎಷ್ಟು ಉಸಿರು ಬೇಕೋ ಅವಳಿಗೆ ಗೊತ್ತಿರಲಿಲ್ಲ, ಇದ್ದಷ್ಟನ್ನೂ ಎಳೆದುಕೊಂಡಳು.

“ಅತ್ತೆ, ಬಕೆಟ್ ಗಟ್ಟಿಯಾಗೇ ಇದೆ. ತಪ್ಪು ಮಾತಾಡಿದ್ದು ನೀವು. ಅತ್ತಿಗೆ ಹೋಗೋದು ನಿಮಗೂ ಬೇಡ, ನಮಗ್ಯಾರಿಗೂ ಬೇಡ. ತಪ್ಪಾಯ್ತು ಅಂತ ಅವರಿಗೆ ಹೇಳಿ, ಇಲ್ಲೇ, ಎಲ್ಲರ ಮುಂದೆ.”

ಎದುರು ಮನೆಯ ಕಿಟಕಿ ತೆರೆಯಿತು. ಅತ್ತೆಯ ಕೈಯಿಂದ ಹಗ್ಗ ಜಾರಿತು. ಗಾಡಿಯವನು ಎಂಜಿನ್ ಆರಿಸಿದ.